ಗುಜರಿ ಸೇರುವ ಮೊದಲು ಹಳೆಯ ಜೀಪುಗಳ ಬಿಡಿಭಾಗ ಜಿಲ್ಲೆಯಲ್ಲೇ ಮಾರಾಟವಾಗಲಿ

ಮಾನ್ಯ ಸಂಪಾದಕರೇ,

ಶಿರಸಿ ತಾಲೂಕಿನ ಪಶ್ಚಿಮದ ಅಂಚಿನಲ್ಲಿ, ನೆಲ ಘಟ್ಟದ ಕಡೆಗೆ ಇಳಿಯತೊಡಗುವ ಜಾಗದಲ್ಲಿ, ನಮ್ಮ ಮನೆ ಮತ್ತು ಅಡಿಕೆ ತೋಟವಿದೆ. 1968ರಲ್ಲಿ ತಯಾರಾದ ಮಹೀಂದ್ರಾ ಸಿಜೆ-3ಬಿ ಜೀಪೊಂದನ್ನು ನಮ್ಮ ತಂದೆಯವರು 1979ರಲ್ಲಿ ಕುಮಟಾದವರೊಬ್ಬರಿಂದ ಕೊಂಡು, ದೇವಿಮನೆ ಘಟ್ಟ ಹತ್ತಿಸಿ ಮನೆಗೆ ತಂದರು. ಇಪ್ಪತ್ತೇಳು ವರ್ಷ ಅದು ನಮ್ಮ ಅಡಿಕೆ ಮೂಟೆಗಳನ್ನು, ಬೆಟ್ಟದ ಸೊಪ್ಪು ಮತ್ತು ದರಕನ್ನು, ಗೊಬ್ಬರವನ್ನು ಹೊತ್ತಿತು. ಮಳೆಗಾಲದಲ್ಲಿ ಬಸ್ಸು ನಿಂತ ದಿನಗಳಲ್ಲಿ ಕೇರಿಯ ಗರ್ಭಿಣಿಯರನ್ನೂ ಕಾಯಿಲೆಯವರನ್ನೂ ಶಿರಸಿಯ ಆಸ್ಪತ್ರೆಗೆ ಮುಟ್ಟಿಸಿತು. 2006ರಲ್ಲಿ ಕೆಟ್ಟು ಕೊಟ್ಟಿಗೆಯ ಪಕ್ಕದ ಮಾಡಿನಲ್ಲಿ ನಿಂತ ಆ ಜೀಪನ್ನು ಮತ್ತೆ ಓಡುವ ಸ್ಥಿತಿಗೆ ತರುವ ಕೆಲಸವನ್ನು ನಾನು ಮೂರು ವರ್ಷಗಳಿಂದ ಮಾಡುತ್ತಿದ್ದೇನೆ. ಎಂಜಿನ್ನಿನ ಕೆಲಸ ಮುಗಿದಿದೆ, ಬ್ರೇಕಿನ ಕೆಲಸ ಮುಗಿದಿದೆ, ಟಿಂಕರಿಂಗ್ ಬಹುಮಟ್ಟಿಗೆ ಮುಗಿದಿದೆ. ಉಳಿದಿರುವುದು ಟ್ರಾನ್ಸ್‌ಫರ್ ಕೇಸಿನ, ಅಂದರೆ ಎಂಜಿನ್ನಿನ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಗೇರುಪೆಟ್ಟಿಗೆಯ, ಎರಕದ ಹೌಸಿಂಗ್ (ಹೊರಕವಚ) ಒಂದೇ. ಆ ಒಂದು ಭಾಗವನ್ನು ಹುಡುಕುತ್ತ ನಾನು ಕಂಡುಕೊಂಡ ಸಂಗತಿಗಳು ಜಿಲ್ಲೆಯ ಇತರ ಜೀಪು ಮಾಲೀಕರಿಗೂ ಆಡಳಿತಕ್ಕೂ ಸಂಬಂಧಿಸಿದವಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಇಷ್ಟು ಹಳೆಯ ಗಾಡಿಯ ಹಿಂದೆ ಬೀಳುವುದು ಹಣವಿದ್ದವರ ಹವ್ಯಾಸ ಎಂಬ ಮಾತನ್ನು ನಾನು ಹಲವು ಸಲ ಕೇಳಿದ್ದೇನೆ. ನಮ್ಮ ಕಡೆಯ ಮಣ್ಣು ರಸ್ತೆಗಳನ್ನು ಜುಲೈ ತಿಂಗಳಲ್ಲಿ ಕಂಡವರು ಹಾಗೆ ಹೇಳಲಾರರು. ವರ್ಷಕ್ಕೆ ನೂರು ಅಂಗುಲಕ್ಕೂ ಹೆಚ್ಚು ಮಳೆ ಸುರಿಯುವ ಈ ಸೀಮೆಯಲ್ಲಿ ರಸ್ತೆಯಿಂದ ಮನೆಗೆ, ಮನೆಯಿಂದ ತೋಟಕ್ಕೆ ಇರುವ ದಾರಿ ಕೆಂಪು ಕೆಸರಿನ ಏರು. ಅಲ್ಲಿ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ, ಹಗುರವಾದ, ಗಿಡ್ಡನೆಯ ಗಾಡಿಯೇ ಆಗಬೇಕು. ಸಿಜೆ-3ಬಿಯ ಹಿಂದು ಮುಂದಿನ ಚಕ್ರಗಳ ನಡುವಿನ ಅಂತರ 80 ಅಂಗುಲ ಮಾತ್ರ. ಮೊದಲ ಗೇರಿನಲ್ಲಿ, ಟ್ರಾನ್ಸ್‌ಫರ್ ಕೇಸನ್ನು ‘ಲೋ’ ಎಂಬ ನಿಧಾನದ ಗೇರಿಗೆ ಹಾಕಿದಾಗ, ಎಂಜಿನ್ ಸುಮಾರು 37 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು ತಿರುಗುತ್ತದೆ. ಹೊರೆ ತುಂಬಿದ ಗಾಡಿ ಕ್ಲಚ್ಚು ಸುಡದೆ, ಚಕ್ರ ಜಾರದೆ ಮನುಷ್ಯ ನಡೆಯುವ ವೇಗದಲ್ಲಿ ದರೆ ಹತ್ತುವುದು ಇದರಿಂದಲೇ. ಇಂದಿನ ಫೋರ್ ವ್ಹೀಲ್ ಗಾಡಿಗಳ ಬೆಲೆ ಎರಡು ಎಕರೆ ತೋಟದ ಕುಟುಂಬಕ್ಕೆ ಎಟುಕುವಂಥದ್ದಲ್ಲ. ಹಳೆಯ ಜೀಪನ್ನು ದುರಸ್ತಿ ಮಾಡಿಟ್ಟುಕೊಳ್ಳುವುದು ಇಂಥವರಿಗೆ ಇರುವ ನ್ಯಾಯವಾದ ದಾರಿ.

ಈ ಜೀಪಿನ ಬಿಡಿಭಾಗ ಸಿಗುವುದೇ ಇಲ್ಲ ಎಂಬುದೂ ಪೂರ್ತಿ ಸರಿಯಲ್ಲ. ಅಮೆರಿಕದಲ್ಲಿ ವಿಲ್ಲೀಸ್ ಕಂಪನಿಯು 1953ರಲ್ಲಿ ಆರಂಭಿಸಿದ ಈ ಮಾದರಿಯ ತಯಾರಿಕೆ ಅಲ್ಲಿ 1968ಕ್ಕೆ ನಿಂತರೂ, ಪರವಾನಗಿ ಪಡೆದ ಮಹೀಂದ್ರಾ ಸಂಸ್ಥೆ ನಮ್ಮಲ್ಲಿ ಅದನ್ನು ಮುಂದುವರಿಸಿತು. ಜಪಾನಿನ ಮಿತ್ಸುಬಿಷಿಯೂ ಇದೇ ಜೀಪನ್ನು ದಶಕಗಳ ಕಾಲ ತಯಾರಿಸಿತು. ಅದರ ಬಾನೆಟ್ಟು ಅಷ್ಟು ಎತ್ತರವಾಗಿರುವುದಕ್ಕೂ ಕಾರಣವಿದೆ. ಎರಡನೇ ಮಹಾಯುದ್ಧದ ಕಾಲದ ಜೀಪಿನ ಎಂಜಿನ್ನಿನಲ್ಲಿ ಎರಡೂ ಬಗೆಯ ವಾಲ್ವುಗಳು ಬ್ಲಾಕಿನಲ್ಲೇ ಇದ್ದವು. ಇದರಲ್ಲಿ ಇಂಧನ ಒಳಸೇರುವ ವಾಲ್ವನ್ನು ಮೇಲಿನ ಹೆಡ್ಡಿಗೆ ಒಯ್ದು, ಹೊಗೆ ಹೋಗುವ ವಾಲ್ವನ್ನು ಬ್ಲಾಕಿನಲ್ಲೇ ಉಳಿಸಿದ್ದಾರೆ. ಹೆಡ್ಡು ಮೇಲಕ್ಕೇರಿದ್ದರಿಂದ ಬಾನೆಟ್ಟೂ ಏರಿತು. ಎಂಜಿನ್ ಮಾತ್ರ ಹೀಗೆ ಬದಲಾಯಿತೇ ಹೊರತು ಕೆಳಗಿನ ಆಕ್ಸಲ್, ಮುಂದಿನ ಚಕ್ರಗಳು ಎಡಬಲಕ್ಕೆ ತಿರುಗಲು ಆಧಾರವಾದ ಕಿಂಗ್ ಪಿನ್, ಟ್ರಾನ್ಸ್‌ಫರ್ ಕೇಸುಗಳ ಮೂಲ ವಿನ್ಯಾಸ ಮುಂದಿನ ಡೀಸೆಲ್ ಜೀಪುಗಳವರೆಗೂ ಹೆಚ್ಚು ಬದಲಾಗದೆ ಬಂದಿದೆ. ಹೀಗಾಗಿ 1985ರಿಂದೀಚೆಗೆ ಬಂದ ಮಹೀಂದ್ರಾದ ಎಂಎಂ 540 ಡೀಸೆಲ್ ಜೀಪಿನಿಂದ ತೆಗೆದ ಎಷ್ಟೋ ಭಾಗಗಳು ಅಜ್ಜನ ಕಾಲದ ಜೀಪಿಗೂ ಕೂರುತ್ತವೆ.

ಕಡಿಮೆ ಬೆಲೆಗೆ ಭಾಗ ದೊರಕಿಸಿಕೊಳ್ಳುವ ಮೊದಲ ಪಾಠವನ್ನು ನಾನು ಕಲಿತದ್ದು ಚಕ್ರದ ಬೇರಿಂಗುಗಳಿಂದ. ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ‘ಹಳೆಯ ಜೀಪಿನ ವ್ಹೀಲ್ ಬೇರಿಂಗ್ ಬೇಕು’ ಎಂದು ಕೇಳಿದೆ. ಅಪರೂಪದ ಮಾಲು ಎಂದು ಅವರು ಹೇಳಿದ ಬೆಲೆ ಕೇಳಿ ಬರಿಗೈಯಲ್ಲಿ ಮರಳಿದೆ. ಮನೆಗೆ ಬಂದು ಹಳೆಯ ಬೇರಿಂಗನ್ನು ಸೀಮೆ ಎಣ್ಣೆಯಲ್ಲಿ ತೊಳೆದು ನೋಡಿದರೆ ಒಳಗಿನ ಕೋನಿನ ಮೇಲೆ 18590, ಹೊರಗಿನ ಕಪ್ಪಿನ ಮೇಲೆ 18520 ಎಂಬ ಅಂಕಿಗಳು ಸ್ಪಷ್ಟವಾಗಿ ಕೆತ್ತಿದ್ದವು. ಜೀಪಿನ ಹೆಸರೆತ್ತದೆ ಆ ನಂಬರುಗಳನ್ನಷ್ಟೇ ಬರೆದುಕೊಂಡು ಬರೀ ಬೇರಿಂಗು ಮಾರುವ ಇನ್ನೊಂದು ಅಂಗಡಿಗೆ ಹೋದಾಗ, ಹೆಸರಾಂತ ಕಂಪನಿಯ ಹೊಸ ಬೇರಿಂಗು ಮೊದಲು ಕೇಳಿದ ಬೆಲೆಯ ಮೂರನೇ ಒಂದು ಪಾಲಿಗೆ ಸಿಕ್ಕಿತು. ಕಿಂಗ್ ಪಿನ್ನಿನ ಬೇರಿಂಗುಗಳೂ ಹಾಗೆಯೇ: 11590 ಮತ್ತು 11520. ಬೇರಿಂಗಿಗೆ ಗಾಡಿಯ ಹೆಸರಿಲ್ಲ, ನಂಬರಿದೆ. ಅದೇ ನಂಬರಿನ ಬೇರಿಂಗು ಕೃಷಿ ಯಂತ್ರಕ್ಕೂ ಕಾರ್ಖಾನೆಯ ಯಂತ್ರಕ್ಕೂ ಹೋಗುತ್ತದೆ. ಆಯಿಲ್ ಸೀಲೂ ಅಷ್ಟೇ. ಒಳವ್ಯಾಸ, ಹೊರವ್ಯಾಸ, ದಪ್ಪ ಈ ಮೂರು ಅಳತೆ ಹೇಳಿದರೆ ಸಾಕು. ಜೀಪು ಬಿಚ್ಚುವವರು ಹಳೆಯ ಬೇರಿಂಗು, ಸೀಲುಗಳನ್ನು ಹೊಸದು ಕೈಗೆ ಬರುವವರೆಗೆ ದಯವಿಟ್ಟು ಎಸೆಯಬಾರದು.

ಅಳತೆಯ ವಿಷಯದಲ್ಲಿ ನಾನು ಪೆಟ್ಟನ್ನೂ ತಿಂದಿದ್ದೇನೆ. ಈ ಜೀಪುಗಳ ಸ್ಪೈಸರ್ 18 ಎಂಬ ಮಾದರಿಯ ಟ್ರಾನ್ಸ್‌ಫರ್ ಕೇಸು ಹೊರಗಿನಿಂದ ನೋಡಲು ಎಲ್ಲವೂ ಒಂದೇ ರೀತಿ ಇರುತ್ತದೆ. ಆದರೆ ಅದರ ನಡುವಿನ ಶಾಫ್ಟಿನ ದಪ್ಪ ಕಾಲಕಾಲಕ್ಕೆ ಬದಲಾಗಿದೆ. ಯುದ್ಧಕಾಲದ ಜೀಪಿನದು ಮುಕ್ಕಾಲು ಅಂಗುಲ, ಆಮೇಲಿನದು ಒಂದೂ ಅರೆಕಾಲು ಅಂಗುಲ, ಅದಕ್ಕೂ ಈಚಿನದು ಒಂದೂಕಾಲು ಅಂಗುಲ. ಇದನ್ನರಿಯದೆ ದೆಹಲಿಯ ವ್ಯಾಪಾರಿಯೊಬ್ಬರಿಂದ ಫೋನಿನಲ್ಲಿ ಮಾತಾಡಿ, ಹಣ ಮುಂಗಡವಾಗಿ ಕಳಿಸಿ, ಶಾಫ್ಟು, ಗೇರು ಮತ್ತು ಸೂಜಿ ಬೇರಿಂಗಿನ ಸೆಟ್ಟನ್ನು ತರಿಸಿದೆ. ಬಂದದ್ದು ಒಂದೂ ಅರೆಕಾಲಿನದು. ನಮ್ಮದಕ್ಕೆ ಬೇಕಾದದ್ದು ಒಂದೂಕಾಲಿನದು. ಅವರು ಮರಳಿ ಪಡೆಯಲು ಒಪ್ಪಲಿಲ್ಲ. ಒಂದು ಹಂಗಾಮಿನ ಕಾಳುಮೆಣಸು ಮಾರಿ ಬಂದ ಹಣದ ಬಹುಪಾಲು ಆ ಪೊಟ್ಟಣದಲ್ಲಿ ಹೋಯಿತು. ಅಳತೆ ಹೇಳದ ನನ್ನ ತಪ್ಪು ಇದರಲ್ಲಿದೆ. ಆದರೆ ಕೊಳ್ಳುವವನು ಭಾಗವನ್ನು ಕೈಯಲ್ಲಿ ಹಿಡಿದು ವರ್ನಿಯರ್ ಅಳತೆ ಸಾಧನ ಹಚ್ಚಿ ನೋಡಲು ಹತ್ತಿರದಲ್ಲೆಲ್ಲೂ ಅವಕಾಶವಿಲ್ಲದಿರುವುದೇ ಇಂಥ ನಷ್ಟಗಳ ಮೂಲ.

ಹೊಸದಾಗಿ ಸಿಗದ ಸಣ್ಣ ಭಾಗಗಳಿಗೆ ನಮ್ಮ ಊರಿನ ಲೇತ್ ಕೆಲಸಗಾರರೇ ಆಸರೆ. ಸ್ಟೇರಿಂಗ್ ಬಾಕ್ಸಿನ ಬುಷ್, ಪಾಟಾಗಳ (ಸ್ಪ್ರಿಂಗ್ ಪಟ್ಟಿಗಳ) ಶ್ಯಾಕಲ್ ಬುಷ್, ಪೆಡಲ್ಲಿನ ಪಿನ್ನು ಇವೆಲ್ಲವನ್ನೂ ಶಿರಸಿಯ ಲೇತ್ ಮೇಸ್ತ್ರಿಯೊಬ್ಬರು ಹಳೆಯದರ ಮಾದರಿ ನೋಡಿ ಗನ್ ಮೆಟಲ್ಲಿನಲ್ಲೂ ಉಕ್ಕಿನಲ್ಲೂ ಕಡೆದುಕೊಟ್ಟರು. ಅವರ ಕೆಲಸ, ಅಂಗಡಿಯಿಂದ ತಂದು ಹಚ್ಚಿದ ಡುಪ್ಲಿಕೇಟ್ ಮಾಲಿಗಿಂತ ಎಷ್ಟೋ ಮೇಲು. ಬೋಲ್ಟುಗಳ ವಿಷಯವನ್ನು ಮಾತ್ರ ಎಚ್ಚರಿಸಿ ಹೇಳಬೇಕು. ಈ ಜೀಪಿನ ಬೋಲ್ಟುಗಳ ಮರೆಗಳು (ತಿರುಪಿನ ಸುತ್ತುಗಳು) ಅಮೆರಿಕದ ಅಂಗುಲದ ಲೆಕ್ಕದವು, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವುದು ಮಿಲಿಮೀಟರಿನವು. ಸುಮಾರಾಗಿ ಹೊಂದುತ್ತದೆಂದು ಸ್ಪ್ಯಾನರ್ ಹಾಕಿ ಬಿಗಿದರೆ ಎರಕದೊಳಗಿನ ಮರೆ ಶಾಶ್ವತವಾಗಿ ಹಾಳಾಗುತ್ತದೆ. ಅಲ್ಲದೆ ಹಳೆಯ ಜೀಪುಗಳಲ್ಲಿ ಎಡಬದಿಯ ಚಕ್ರಗಳ ನಟ್ಟುಗಳು ಎಡಮರೆಯವು. ಬಿಚ್ಚಬೇಕಾದರೆ ಬಲಕ್ಕೆ ತಿರುಗಿಸಬೇಕು. ಇದು ಗೊತ್ತಿಲ್ಲದ ಹುಡುಗರು ಉದ್ದದ ಪೈಪು ಹಾಕಿ ಜಗ್ಗಿ ನಮ್ಮ ಜೀಪಿನ ಎರಡು ಸ್ಟಡ್ ಮುರಿದರು.

ಅಗ್ಗದ ಭಾಗ ಹುಡುಕುವುದಕ್ಕೂ ಒಂದು ಮಿತಿ ಇರಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಬ್ರೇಕಿನ ಮಾಸ್ಟರ್ ಸಿಲಿಂಡರ್, ವ್ಹೀಲ್ ಸಿಲಿಂಡರ್, ಹೋಸ್ ಪೈಪು, ಸ್ಟೇರಿಂಗಿನ ಟೈ ರಾಡ್ ಎಂಡ್ ಇವುಗಳನ್ನು ಗುಜರಿಯಿಂದ ತಂದು ಹಾಕಬಾರದು. 9 ಅಂಗುಲದ ಸಣ್ಣ ಡ್ರಮ್ಮಿನ ಬ್ರೇಕು ನಂಬಿಕೊಂಡು ದೇವಿಮನೆ ಘಟ್ಟ ಇಳಿಯುವವನು ಅವುಗಳಲ್ಲಿ ಒಂದು ರೂಪಾಯಿಯನ್ನೂ ಉಳಿಸಲು ಹೋಗಬಾರದು. ಇವು ಹೊಸದಾಗಿ ಸಿಗುತ್ತವೆ, ಮತ್ತು ಬಿಡಿಭಾಗಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಏಕರೂಪವಾಗಿ ಶೇ 18ಕ್ಕೆ ಬಂದಿರುವುದು ಹೊಸ ಮಾಲಿನ ಮಟ್ಟಿಗೆ ಸ್ವಲ್ಪ ನೆರವಾಗಿದೆ. ಪೆಟ್ರೋಲ್ ಜೀಪು ಇಟ್ಟುಕೊಂಡವರು ಇಂಧನ ಪಂಪಿನ ಡಯಾಫ್ರಾಮನ್ನೂ (ಒಳಗಿನ ಪೊರೆಯನ್ನೂ) ರಬ್ಬರ್ ಪೈಪುಗಳನ್ನೂ ಇದೇ ಸಾಲಿಗೆ ಸೇರಿಸಬೇಕು. ಶೇ 20ರಷ್ಟು ಎಥನಾಲ್ ಬೆರೆತ ಈಗಿನ ಪೆಟ್ರೋಲಿನಲ್ಲಿ ಹಳೆಯ ಬಗೆಯ ರಬ್ಬರು ಮೆತ್ತಗಾಗಿ ಹರಿಯುತ್ತದೆ.

ಇಷ್ಟೆಲ್ಲ ಆದ ಮೇಲೂ ಅಂಗಡಿಯಲ್ಲಿ ಸಿಗದ, ಲೇತಿನಲ್ಲಿ ಮಾಡಲಾಗದ ಭಾಗಗಳು ಉಳಿಯುತ್ತವೆ. ಅವು ದೊಡ್ಡ ಎರಕದ ಭಾಗಗಳು: ಎಂಜಿನ್ ಬ್ಲಾಕ್, ಗೇರ್ ಬಾಕ್ಸಿನ ಮತ್ತು ಟ್ರಾನ್ಸ್‌ಫರ್ ಕೇಸಿನ ಹೌಸಿಂಗ್, ಮುಂದಿನ ಆಕ್ಸಲ್ಲಿನ ತುದಿಯಲ್ಲಿ ಚಕ್ರದೊಂದಿಗೆ ತಿರುಗುವ ‘ನಕಲ್’ ಎಂಬ ಗೆಣ್ಣು. ನಮ್ಮ ಜೀಪಿನ ಟ್ರಾನ್ಸ್‌ಫರ್ ಕೇಸಿನ ಹೌಸಿಂಗ್ ನಡುವಿನ ಶಾಫ್ಟು ಕೂರುವ ಜಾಗದಲ್ಲಿ ಬಿರುಕು ಬಿಟ್ಟಿದೆ. ವೆಲ್ಡಿಂಗ್ ಮಾಡಿಸಿದ್ದು ನಿಲ್ಲಲಿಲ್ಲ. ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿಗಳಿವೆಯಲ್ಲ, ಹೊಸದಾಗಿ ಎರಕ ಹೊಯ್ಯಿಸಬಹುದೇ ಎಂದು ಅಲ್ಲಿಗೂ ಹೋಗಿ ವಿಚಾರಿಸಿದೆ. ಕಬ್ಬಿಣದ ಬೆಲೆ ದೊಡ್ಡದಲ್ಲ, ಆದರೆ ಅಚ್ಚಿನ ಪಡಿಯಚ್ಚು ಮಾಡಿಸುವ ಖರ್ಚು ಮತ್ತು ಎರಕದ ಮೇಲೆ ಎಲ್ಲ ತೂತುಗಳನ್ನೂ ಒಂದಕ್ಕೊಂದು ನೇರವಾಗಿ ಕೊರೆಯುವ ಯಂತ್ರದ ಕೆಲಸದ ಖರ್ಚು ಪೂರ್ತಿಯಾಗಿ ಒಂದೇ ಬಿಡಿಭಾಗದ ಮೇಲೆ ಬೀಳುತ್ತದೆ ಎಂದು ಅವರು ಪ್ರಾಮಾಣಿಕವಾಗಿ ತಿಳಿಸಿದರು. ಅಮೆರಿಕದಿಂದ ತರಿಸುವುದಾದರೆ ಅಷ್ಟು ಭಾರದ ಮಾಲಿಗೆ ಸಾಗಣೆ ಮತ್ತು ಸುಂಕ ಸೇರಿ ಮೂಲ ಬೆಲೆಯನ್ನೇ ಮೀರಿಸುತ್ತದೆ. ಹಾಗಾಗಿ ಉಳಿದ ದಾರಿ, ಇನ್ನೊಂದು ಹಳೆಯ ಜೀಪಿನಿಂದ ಬಿಚ್ಚಿದ ಭಾಗ.

ಅಂಥ ಭಾಗಕ್ಕಾಗಿ ಇಂದು ನಾವು ಹೋಗಬೇಕಾಗಿರುವುದು ಬೆಂಗಳೂರಿನ ಶಿವಾಜಿನಗರಕ್ಕೆ, ಮುಂಬಯಿಯ ಕುರ್ಲಾಕ್ಕೆ ಅಥವಾ ದೆಹಲಿಯ ಮಾಯಾಪುರಿಗೆ. ಒಂದು ಹೌಸಿಂಗಿಗಾಗಿ ಎರಡು ದಿನದ ಪ್ರಯಾಣ, ಉಳಿದುಕೊಳ್ಳುವ ಖರ್ಚು, ನಡುವಿನವರ ಲಾಭ, ಪಾರ್ಸಲ್ ಬಾಡಿಗೆ. ಈಚೆಗೆ ನಗರಗಳಲ್ಲಿ ಹಳೆಯ ಜೀಪನ್ನು ಶೋಕಿಗಾಗಿ ಸಿಂಗರಿಸುವವರು ಹೆಚ್ಚಿರುವುದರಿಂದ ವ್ಯಾಪಾರಿಗಳು ಅವರ ಕಿಸೆಯನ್ನು ನೋಡಿ ಬೆಲೆ ಹೇಳುತ್ತಾರೆ. ಅವರ ಆಸಕ್ತಿಯನ್ನು ನಾನು ಆಕ್ಷೇಪಿಸುವುದಿಲ್ಲ. ಎಷ್ಟೋ ಜೀಪುಗಳು ಅವರಿಂದ ಉಳಿದಿವೆ. ಆದರೆ ದುಡಿಮೆಗಾಗಿ ಜೀಪು ಬೇಕಾದವನೂ ಅದೇ ಬೆಲೆ ತೆರಬೇಕಾಗಿದೆ ಎಂಬುದು ಕಷ್ಟದ ಮಾತು.

ಇತ್ತ ನಮ್ಮದೇ ಜಿಲ್ಲೆಯ ಕೆಲವು ಸರ್ಕಾರಿ ಕಚೇರಿಗಳ ಹಿತ್ತಿಲಲ್ಲಿ ನಿಂತಲ್ಲೇ ನಿಂತ ಜೀಪುಗಳಿವೆ. ಒಂದು ಕಾಲದಲ್ಲಿ ಅರಣ್ಯ, ನೀರಾವರಿ, ರಸ್ತೆ ಹೀಗೆ ಯಾವ ಕೆಲಸಕ್ಕಾದರೂ ಜೋಯಿಡಾದಿಂದ ಭಟ್ಕಳದವರೆಗೆ ಅಧಿಕಾರಿಗಳನ್ನು ಒಯ್ದದ್ದು ಇವೇ ಗಾಡಿಗಳು. ಕಾರವಾರ, ಅಂಕೋಲಾ, ಹೊನ್ನಾವರದ ಕಡೆಯವುಗಳ ಮೈಯನ್ನು ಕಡಲಿನ ಉಪ್ಪುಗಾಳಿ ತಿಂದುಹಾಕಿದೆ. ತಗಡು ಕೈಗೆ ಪುಡಿಯಾಗಿ ಬರುತ್ತದೆ. ಆದರೆ ಎಣ್ಣೆಯಲ್ಲಿ ಮುಳುಗಿರುವ ಗೇರುಗಳಿಗೆ, ದಪ್ಪ ಎರಕದ ಹೌಸಿಂಗಿಗೆ, ಆಕ್ಸಲ್ಲಿಗೆ ಉಪ್ಪು ಅಷ್ಟು ಬೇಗ ತಾಗುವುದಿಲ್ಲ. 15 ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿ 2023ರ ಏಪ್ರಿಲ್ 1ರಿಂದ ರದ್ದಾಗಿರುವುದರಿಂದ ಇವು ಇನ್ನು ರಸ್ತೆಗೆ ಬರುವಂತಿಲ್ಲ. ನೋಂದಾಯಿತ ಗುಜರಿ ಕೇಂದ್ರಗಳಿಗೆ ಇಡಿಯಾಗಿ ಹೋಗಿ ತುಂಡಾಗಬೇಕು. ಹಾಗೆ ಹೋದಾಗ ಸರ್ಕಾರಕ್ಕೆ ಸಿಗುವುದು ಕಬ್ಬಿಣದ ತೂಕದ ಲೆಕ್ಕದ ಬೆಲೆ. ಅದರ ಆಕ್ಸಲ್ಲಿನೊಳಗಿನ ಕ್ರೌನ್ ಪಿನಿಯನ್ ಗೇರುಗಳಿಗೂ ಒಳ್ಳೆಯ ಹೌಸಿಂಗಿಗೂ ತುಕ್ಕು ಹಿಡಿದ ತಗಡಿಗೂ ಒಂದೇ ದರ.

ನನ್ನ ವಿನಂತಿ ಇಷ್ಟೇ. ಇಂಥ ಜೀಪುಗಳನ್ನು ಹೊರಗೆ ಕಳಿಸುವ ಮೊದಲು, ಇಲ್ಲವೇ ಹರಾಜಿನ ಷರತ್ತಿನಲ್ಲೇ ಸೇರಿಸಿ, ಮರುಬಳಕೆಗೆ ಯೋಗ್ಯವಾದ ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಆಕ್ಸಲ್, ಪ್ರೊಪೆಲ್ಲರ್ ಶಾಫ್ಟ್, ಚಕ್ರದ ರಿಮ್ಮುಗಳನ್ನು ಕಳಚಿ, ದರಪಟ್ಟಿ ಹಾಕಿ, ರಸೀದಿ ಕೊಟ್ಟು ಜಿಲ್ಲೆಯಲ್ಲೇ ಮಾರುವ ವ್ಯವಸ್ಥೆಯನ್ನು ಜಿಲ್ಲಾಡಳಿತ ಮಾಡಬೇಕು. ಕಳಚುವ ಕೆಲಸಕ್ಕೆ ಸರ್ಕಾರಿ ಐಟಿಐಗಳ ಮೆಕ್ಯಾನಿಕ್ ವಿಭಾಗದ ವಿದ್ಯಾರ್ಥಿಗಳನ್ನು ಅವರ ಬೋಧಕರೊಂದಿಗೆ ತೊಡಗಿಸಬಹುದು. ಪುಸ್ತಕದ ಚಿತ್ರದಲ್ಲಿ ಮಾತ್ರ ನೋಡಿದ ಟ್ರಾನ್ಸ್‌ಫರ್ ಕೇಸನ್ನು ಅವರು ಕೈಯಾರೆ ಬಿಚ್ಚಿ ನೋಡಿದಂತಾಗುತ್ತದೆ. ಕೊಳ್ಳುವವರಿಂದ ಆಧಾರ್ ಮತ್ತು ಅವರ ಜೀಪಿನ ಆರ್‌ಸಿ ಪ್ರತಿ ಪಡೆದು, ಒಂದು ಜೀಪಿಗೆ ಒಂದು ಸೆಟ್ಟು ಎಂದು ಮಿತಿ ಹಾಕಿದರೆ ವ್ಯಾಪಾರಿಗಳು ಸಗಟಾಗಿ ಎತ್ತಿಕೊಂಡು ಹೋಗುವುದೂ ತಪ್ಪುತ್ತದೆ.

ಹಳೆಯ ಭಾಗಗಳ ಮಾರಾಟದಿಂದ ಕಳ್ಳಮಾಲಿಗೆ ದಾರಿಯಾಗುತ್ತದೆ ಎಂಬ ಆತಂಕ ಸಹಜ. ಉತ್ತರ ಪ್ರದೇಶದ ಮೇರಠ್‌ನಲ್ಲಿ ಸೋತಿಗಂಜ್ ಮಾರುಕಟ್ಟೆಯನ್ನು ಕದ್ದ ವಾಹನಗಳ ಕಾರಣಕ್ಕೆ 2021ರ ಡಿಸೆಂಬರಿನಲ್ಲಿ ಮುಚ್ಚಬೇಕಾಯಿತು. ಆದ್ದರಿಂದಲೇ ಚಾಸಿಯನ್ನೂ, ನಂಬರು ಕೆತ್ತಿದ ಎಂಜಿನ್ ಬ್ಲಾಕನ್ನೂ ಯಾರಿಗೂ ಕೊಡದೆ ನಿಯಮದಂತೆ ತುಂಡರಿಸಲಿ ಎಂದು ನಾನೇ ಒತ್ತಿ ಹೇಳುತ್ತೇನೆ. ರಸೀದಿಯ ಮಾಲು ಜಿಲ್ಲೆಯಲ್ಲೇ ಸಿಗುವಂತಾದರೆ ರಸೀದಿಯಿಲ್ಲದ ಮಾಲನ್ನು ದೂರದ ಪೇಟೆಯಲ್ಲಿ ಹುಡುಕುವ ಅಗತ್ಯವೇ ಬೀಳುವುದಿಲ್ಲ.

ಹಳೆಯ ವಾಹನಗಳಿಗೆ 2021ರಲ್ಲಿ ಬಂದ ವಿಂಟೇಜ್ ನಿಯಮವಿದೆಯಲ್ಲ ಎಂದು ಕೆಲವರು ಕೇಳಬಹುದು. 50 ವರ್ಷ ಮೀರಿದ, ಮೂಲರೂಪದಲ್ಲಿರುವ ವಾಹನಕ್ಕೆ ಅದು ಅನ್ವಯಿಸುತ್ತದೆ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ರ‍್ಯಾಲಿಯಂಥ ಉದ್ದೇಶಗಳಿಗೆ ಮಾತ್ರ ರಸ್ತೆಗೆ ತರಬಹುದು. ಅಡಿಕೆ ಮೂಟೆ ಹೇರುವವರಿಗೆ ಅದರಿಂದ ಪ್ರಯೋಜನವಿಲ್ಲ. ನಾವು ಸಾಮಾನ್ಯ ನೋಂದಣಿಯನ್ನೇ ನವೀಕರಿಸಿಕೊಳ್ಳಬೇಕು. 600 ರೂಪಾಯಿ ಇದ್ದ ಆ ಶುಲ್ಕ 15 ವರ್ಷ ದಾಟಿದ ಕಾರು, ಜೀಪುಗಳಿಗೆ 2022ರ ಏಪ್ರಿಲ್‌ನಲ್ಲಿ 5,000 ಆಯಿತು. 20 ವರ್ಷ ದಾಟಿದವುಗಳಿಗೆ 2025ರ ಆಗಸ್ಟ್‌ನಲ್ಲಿ 10,000 ಆಯಿತು. ಸದೃಢತೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕೆಂಬುದೂ ನ್ಯಾಯವೇ. ಆದರೆ ಇಷ್ಟು ಶುಲ್ಕ ಕಟ್ಟಿಸಿಕೊಂಡು, ಗಾಡಿ ಸುಸ್ಥಿತಿಯಲ್ಲಿರಲೇಬೇಕೆಂದು ಕೇಳುವ ಸರ್ಕಾರ, ಅದನ್ನು ಸುಸ್ಥಿತಿಯಲ್ಲಿಡಲು ಬೇಕಾದ ಭಾಗ ತನ್ನದೇ ಹಿತ್ತಿಲಲ್ಲಿ ಇರುವಾಗ ಅದನ್ನು ಬೆಲೆಗೆ ಕೊಡಲು ಹಿಂಜರಿಯಬಾರದು.

ನಮ್ಮ ಜೀಪಿಗೆ ಹೊಂದುವ ಹೌಸಿಂಗ್ ಇರುವ ಒಂದು ಜೀಪನ್ನು ನಾನು ಕಣ್ಣಾರೆ ನೋಡಿದ್ದೇನೆ. ನಮ್ಮ ಮನೆಯಿಂದ ಹದಿನೆಂಟು ಕಿಲೋಮೀಟರ್ ದೂರದಲ್ಲಿ, ಒಂದು ಕಚೇರಿಯ ಹಿಂದಿನ ಮಾವಿನ ಮರದ ಕೆಳಗೆ, ನಾಲ್ಕೂ ಟೈರು ನೆಲಕಚ್ಚಿ ಅದು ನಿಂತಿದೆ. ಕೆಳಗೆ ಬಗ್ಗಿ ನೋಡಿದೆ, ಹೌಸಿಂಗಿನಲ್ಲಿ ಬಿರುಕಿಲ್ಲ. ಎರಡು ಸಲ ಅರ್ಜಿ ಕೊಟ್ಟಾಗಲೂ, ಬಿಡಿಯಾಗಿ ಮಾರಲು ತಮಗೆ ಆದೇಶವಿಲ್ಲ ಎಂದು ಅಲ್ಲಿಯ ಸಿಬ್ಬಂದಿ ಸೌಜನ್ಯದಿಂದಲೇ ತಿಳಿಸಿದರು. ಅವರು ಹೇಳುವ ಆ ಆದೇಶವನ್ನು ಯಾರು ಹೊರಡಿಸಬೇಕು, ಅದಕ್ಕೆ ಅರ್ಜಿಯನ್ನು ಯಾರಿಗೆ ಸಲ್ಲಿಸಬೇಕು ಎಂಬುದನ್ನು ಸಂಬಂಧಪಟ್ಟವರು ತಮ್ಮ ಪತ್ರಿಕೆಯ ಮೂಲಕ ತಿಳಿಸಿದರೆ, ನಿಗದಿಯಾದ ಬೆಲೆಯನ್ನು ಕಟ್ಟಿ, ಮುಂದಿನ ಮಳೆಗಾಲಕ್ಕೆ ಮೊದಲು ಅದನ್ನು ಬಿಚ್ಚಿಕೊಂಡು ಬರಲು ನಾನು ಸಿದ್ಧನಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಅಡಿಕೆ ಬೆಳೆಗಾರ
ಶಿರಸಿ ತಾಲೂಕು, ಉತ್ತರ ಕನ್ನಡ